ತಟ್ಟೆಯ ಭಾರ ಹೆಚ್ಚಿಸುವ ಮೊದಲು ಇಷ್ಟು ನೋಡಿ

ತುಮಕೂರಿನಲ್ಲಿ ಲೇತ್ ಶಾಪುಗಳಿಗೆ ಕೊರತೆಯಿಲ್ಲ. ಟರ್ನ್‌ಟೇಬಲ್‌ನಲ್ಲಿ ಸ್ವರ ಅಲುಗುತ್ತಿದ್ದರೆ, ಅಂತರಸನಹಳ್ಳಿ ಕಡೆ ಹೋಗಿ ರೆಕಾರ್ಡ್ ಕೂರುವ ತಟ್ಟೆಯನ್ನೇ ಭಾರದ್ದು ಮಾಡಿಸಿಬಿಡೋಣ ಅನ್ನಿಸುವುದು ಸಹಜ. ಸ್ವಲ್ಪ ತಾಳಿ. ಭಾರದಿಂದ ಸರಿಹೋಗುವ ತೊಂದರೆ ಬೇರೆ, ಹೋಗದ ತೊಂದರೆ ಬೇರೆ.

ಮೊದಲು ಕಿವಿಯಿಂದಲೇ ಶುರು ಮಾಡಿ. ತಂಬೂರಿ ಚೆನ್ನಾಗಿ ಕೇಳುವ, ನಿಧಾನದ ಆಲಾಪನೆ ಇರುವ ರೆಕಾರ್ಡ್ ಹಾಕಿ. ವೇಗ ಶೇ 1ರಷ್ಟು ಬದಲಾದರೆ ಶ್ರುತಿ ಅರ್ಧಸ್ವರದ ಆರನೇ ಒಂದು ಭಾಗದಷ್ಟು ಸರಿಯುತ್ತದೆ. ನಿಂತ ಷಡ್ಜದಲ್ಲಿ ಇದು ಗೊತ್ತಾಗುತ್ತದೆ, ಮೃದಂಗದ ತನಿಯಲ್ಲಿ ಅಷ್ಟು ಗೊತ್ತಾಗದು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಸ್ವರ ಸುತ್ತಿಗೊಮ್ಮೆ ಏರಿಳಿದು, ಮುಳ್ಳಿನ ಕೈ ಕೂಡ ಪಕ್ಕಕ್ಕೆ ತೂಗಾಡುತ್ತಿದ್ದರೆ ರೆಕಾರ್ಡಿನ ತೂತು ನಡುವಿನಲ್ಲಿಲ್ಲ ಎಂದರ್ಥ. ಎಷ್ಟು ಭಾರದ ತಟ್ಟೆ ಹಾಕಿದರೂ ಅದು ಹೋಗದು.

ಮುಂದೆ ಸ್ಟ್ರೋಬ್ ಡಿಸ್ಕ್. ಸುತ್ತಲೂ ಗೆರೆಗಳಿರುವ ಈ ಬಿಲ್ಲೆಯನ್ನು ತಿರುಗುವ ತಟ್ಟೆಯ ಮೇಲಿಟ್ಟು ಮಿನುಗುವ ದೀಪದಲ್ಲಿ ನೋಡಿದರೆ, ವೇಗ ಸರಿಯಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 33⅓ಕ್ಕೆ 180 ಗೆರೆಗಳಿರುವುದೇ ಬೇಕು. 216 ಗೆರೆಯದ್ದು ಅಮೆರಿಕದ 60 ಹರ್ಟ್ಸ್‌ಗೆ. ಹಳೇ ನಿಯಾನ್ ದೀಪದ ಬೆಳಕಿನಲ್ಲಿ ನೋಡಿ. ಎಷ್ಟೋ ಎಲ್‌ಇಡಿ ಬಲ್ಬುಗಳು ಮಿನುಗುವುದೇ ಇಲ್ಲ. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಈ ಪರೀಕ್ಷೆ ಬೇಡ. ಮುಳ್ಳು ರೆಕಾರ್ಡಿನ ಮೇಲಿರುವಾಗಲೇ ನೋಡಬೇಕು, ಅದರ ಎಳೆತವೂ ಲೆಕ್ಕಕ್ಕೆ ಬರುತ್ತದೆ.

ಗೆರೆಗಳು ಒಂದೇ ಕಡೆಗೆ ನಿಧಾನವಾಗಿ ಜಾರಿದರೆ ಸರಾಸರಿ ವೇಗವೇ ತಪ್ಪು. ವೇಗದ ತಿರುಪು ಸರಿಮಾಡಿ. ಹಿಂದೆ ಮುಂದೆ ಓಲಾಡಿದರೆ, ಮೋಟರಿನಿಂದ ತಟ್ಟೆಯನ್ನು ತಿರುಗಿಸುವ ಬೆಲ್ಟ್ ನೋಡಿ. ಸಡಿಲವಾಗಿದ್ದರೆ ಬದಲಿಸಿ, ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬೇರಿಂಗಿಗೆ ತಯಾರಕರು ಹೇಳಿದ ಎಣ್ಣೆಯನ್ನೇ ಬಿಡಿ. ಬಹಳಷ್ಟು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಇಷ್ಟಾದ ಮೇಲೂ ಸಣ್ಣ, ವೇಗದ ನಡುಕ ಉಳಿದರೆ ಆಗ ಭಾರದ ಮಾತು. ಕುಂಬಾರರ ತಿಗರಿ ನೋಡಿದ್ದೀರಲ್ವಾ? ಭಾರವೆಲ್ಲ ಅಂಚಿನಲ್ಲಿರುವುದರಿಂದಲೇ ಒಮ್ಮೆ ತಿರುಗಿಸಿದರೆ ಅಷ್ಟು ಹೊತ್ತು ಸುತ್ತುತ್ತದೆ. ತಟ್ಟೆಗೂ ಇದೇ ನಿಯಮ. ನಡುವಿನಿಂದ ಇರುವ ದೂರ ಎರಡು ಪಟ್ಟಾದರೆ ಅದೇ ತೂಕದ ಪರಿಣಾಮ ನಾಲ್ಕು ಪಟ್ಟು. 15 ಸೆಂ.ಮೀ. ದೂರದ ಅಂಚಿನಲ್ಲಿ ಕೂತ ತೂಕ, 4 ಸೆಂ.ಮೀ.ನಲ್ಲಿ ಕೂತದ್ದಕ್ಕಿಂತ ಸುಮಾರು 14 ಪಟ್ಟು ಕೆಲಸ ಮಾಡುತ್ತದೆ. ಆದ್ದರಿಂದ ಲೇಬಲ್ ಮೇಲೆ ಇಡುವ ಗುಂಡು ರೆಕಾರ್ಡನ್ನು ಒತ್ತಿ ಹಿಡಿಯುತ್ತದೆಯೇ ಹೊರತು ವೇಗವನ್ನು ಅಷ್ಟಾಗಿ ಕಾಯದು.

ಭಾರ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಬೇರಿಂಗ್ ಬೇಗ ಸವೆಯುತ್ತದೆ, ಸಣ್ಣ ಮೋಟರ್ ಶುರುವಿನಲ್ಲೇ ಒದ್ದಾಡುತ್ತದೆ, ರಬ್ಬರ್ ಬೆಲ್ಟ್ ಹಿಗ್ಗಿ ಕುಗ್ಗಿ ನಿಧಾನದ ಓಲಾಟ ಹುಟ್ಟಬಹುದು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರಂಥ ಬೆಲ್ಟಿಲ್ಲದೆ ಮೋಟರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್‌ನಲ್ಲಿ ಮೋಟರ್ ತನ್ನ ವೇಗವನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ತಿದ್ದುವಿಕೆ ಅದರ ಸ್ವಂತ ತಟ್ಟೆಗೆ ಹೊಂದಿಸಿದ್ದು. ಅದಕ್ಕೆ ಸುಮ್ನೆ ಭಾರ ಸೇರಿಸಬೇಡಿ.

ಲೇತಿನಲ್ಲಿ ಮಾಡಿಸುವುದೇ ಆದರೆ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಆರಿಸಿ. ಕಬ್ಬಿಣ ಬೇಡ, ಮುಳ್ಳನ್ನು ಹಿಡಿದಿರುವ ಕೆಲವು ಕಾರ್ಟ್ರಿಜ್‌ಗಳ ಅಯಸ್ಕಾಂತವನ್ನು ಅದು ಕೆಳಕ್ಕೆ ಎಳೆದು ಮುಳ್ಳಿನ ಭಾರ ಹೆಚ್ಚಿಸುತ್ತದೆ. ನಡುವಿನ ತೂತನ್ನೂ ಹೊರ ಅಂಚನ್ನೂ ಲೇತಿನ ಹಿಡಿಕೆಯಾದ ಚಕ್‌ನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಕೊರೆಯಲು ಮೇಸ್ತ್ರಿಗೆ ಹೇಳಿ. ಬಿಚ್ಚಿ ಮತ್ತೆ ಕಟ್ಟಿದರೆ ಎರಡರ ಕೇಂದ್ರ ಕೂದಲಿನಷ್ಟಾದರೂ ಬೇರೆಯಾಗುತ್ತದೆ.