ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಪರೀಕ್ಷಿಸುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿದಿರಿ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಇಲ್ಲವೇ ಗೇಮ್ ತೆರೆದ ಐದೇ ನಿಮಿಷಕ್ಕೆ ಬಣ್ಣಬಣ್ಣದ ಚೌಕಗಳು ಕುಣಿಯುತ್ತವೆ. ಮಾರಿದವರಿಗೆ ಫೋನ್ ಮಾಡುವ ಮುನ್ನ ಸ್ವಲ್ಪ ತಾಳಿ. ನಿಮ್ಮ ಪ್ರೊಸೆಸರ್ ಒಳಗೇ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಇದ್ದರೆ ಕೆಲಸ ಎಷ್ಟೋ ಸುಲಭ. ಕಾರ್ಡ್ ಕೈಕೊಟ್ಟರೂ ಪರದೆ ಕಾಣುತ್ತದೆ. ಪರದೆ ಕಂಡರೆ ಕಾರ್ಡನ್ನು ವಿಚಾರಿಸಿಕೊಳ್ಳಬಹುದು.

ಇಂಟಿಗ್ರೇಟೆಡ್ ಗ್ರಾಫಿಕ್ಸ್ ಇದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಇಂಟೆಲ್ ಕೋರ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಇಲ್ಲ. ಎಎಂಡಿಯ ರೈಜನ್ 5000 ಮತ್ತು ಅದಕ್ಕಿಂತ ಹಳೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ‘ಜಿ’ ಇದ್ದವುಗಳಿಗೆ ಮಾತ್ರ ಇದೆ. 7000 ಸರಣಿಯಲ್ಲಿ ‘ಎಫ್’ ಇರುವವನ್ನು ಬಿಟ್ಟರೆ ಉಳಿದವಕ್ಕೆಲ್ಲ ಇದೆ. ಮದರ್‌ಬೋರ್ಡ್ ಹಿಂದೆ ಎಚ್‌ಡಿಎಂಐ ತೂತು ಕಂಡ ಮಾತ್ರಕ್ಕೆ ಇದೆ ಅಂದುಕೊಳ್ಳಬೇಡಿ.

ಕಾರ್ಡ್ ಹೊರಗಿಟ್ಟು ಶುರು ಮಾಡಿ

ಕಾರ್ಡನ್ನು ಪೂರ್ತಿ ತೆಗೆದು, ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೆ ಹಾಕಿ ಕಂಪ್ಯೂಟರ್ ಆನ್ ಮಾಡಿ. ಅರ್ಧ ಗಂಟೆ ಬಳಸಿ ನೋಡಿ. ಈಗಲೂ ಗೆರೆ, ಚುಕ್ಕೆ ಬಂದರೆ ಕಾರ್ಡಿನ ತಪ್ಪಲ್ಲ. ಇಂಟಿಗ್ರೇಟೆಡ್ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಹಾಗಾಗಿ ರ‍್ಯಾಮ್ ಮೇಲೆ ಅನುಮಾನ ಪಡಿ. ಮಾನಿಟರ್ ಕೇಬಲ್ಲನ್ನೂ ಬದಲಿಸಿ ನೋಡಿ. ನಾನು ಒಮ್ಮೆ ರಾತ್ರಿಯಿಡೀ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿ ತೆಗೆದು ಮಾಡಿದ್ದೆ. ಬೆಳಿಗ್ಗೆ ನೋಡಿದರೆ ಹಾಳಾಗಿದ್ದದ್ದು ಕೇಬಲ್!

ಎಲ್ಲ ಸರಿ ಇದ್ದರೆ ಹಾಗೇ, ವಿಂಡೋಸ್‌ಗೂ ಮುನ್ನ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ. ಬಹಳ ಜನ ಎಡವುವುದು ಇಲ್ಲೇ. ಎಷ್ಟೋ ಮದರ್‌ಬೋರ್ಡ್‌ಗಳು ಸ್ಲಾಟ್‌ನಲ್ಲಿ ಕಾರ್ಡ್ ಕಂಡ ಕೂಡಲೇ ಇಂಟಿಗ್ರೇಟೆಡ್ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡುತ್ತವೆ. ಆಗ ಕಾರ್ಡಿನಿಂದಲೂ ಚಿತ್ರವಿಲ್ಲ, ಬೋರ್ಡಿನಿಂದಲೂ ಇಲ್ಲ. ಕಂಪ್ಯೂಟರೇ ಸತ್ತಿತು ಅಂತ ಗಾಬರಿಯಾಗುತ್ತದೆ. ‘ಐಜಿಪಿಯು ಮಲ್ಟಿ ಮಾನಿಟರ್’ (ಐಜಿಪಿಯು ಎಂದರೆ ಇಂಟಿಗ್ರೇಟೆಡ್ ಗ್ರಾಫಿಕ್ಸ್) ಅಥವಾ ಅಂಥದ್ದೇ ಹೆಸರಿನ ಆಯ್ಕೆಯನ್ನು ಎನೇಬಲ್ ಮಾಡಿ. ‘ಪ್ರೈಮರಿ ಡಿಸ್‌ಪ್ಲೇ’ಯನ್ನು ಸದ್ಯಕ್ಕೆ ಇಂಟಿಗ್ರೇಟೆಡ್‌ಗೇ ಬಿಡಿ. ಸೇವ್ ಮಾಡಿ ಹೊರಬನ್ನಿ.

ಕೂರಿಸುವುದು, ಕರೆಂಟ್ ಕೊಡುವುದು

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಕಾರ್ಡ್ ಮುಟ್ಟಿ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಮೇಲಿನ ಉದ್ದ ಸ್ಲಾಟಿನಲ್ಲಿ ‘ಟಕ್’ ಅನ್ನುವವರೆಗೆ ಒತ್ತಿ.

ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಆದರೆ 150. ಕಾರ್ಡಿನ ಮೇಲೆ ಎಷ್ಟು ಸಾಕೆಟ್ ಇವೆಯೋ ಅಷ್ಟಕ್ಕೂ ಕೇಬಲ್ ಹಾಕಲೇಬೇಕು. ಎರಡು 8 ಪಿನ್ ಇದ್ದರೆ ಒಂದೇ ಕೇಬಲ್ಲಿನ ಕವಲುಗಳ ಬದಲು ಎರಡು ಬೇರೆ ಬೇರೆ ಕೇಬಲ್ ಎಳೆಯುವುದು ಒಳ್ಳೆಯದು. ಪ್ರೊಸೆಸರಿಗೆ ಹೋಗುವ 8 ಪಿನ್ ಕೂಡ ನೋಡಲು ಹೀಗೇ ಇರುತ್ತದೆ, ಆದರೆ ಒಳಗಿನ ವೈರಿಂಗ್ ಬೇರೆ. ಒತ್ತಿ ತುರುಕಬೇಡಿ.

ಕಾರ್ಡ್ ಕಾಣುತ್ತಿದೆಯೇ?

ಮಾನಿಟರ್ ಇನ್ನೂ ಮದರ್‌ಬೋರ್ಡಿನಲ್ಲೇ ಇರಲಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ಕಾರ್ಡಿನ ಸುಳಿವೇ ಇಲ್ಲದಿದ್ದರೆ ಮತ್ತೆ ಕೂರಿಸಿ, ಬೇರೆ ಸ್ಲಾಟ್ ಇದ್ದರೆ ಅಲ್ಲೂ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಬಂದರೆ ಡ್ರೈವರ್ ಕೂತಿಲ್ಲ ಅಷ್ಟೆ.

ಹಳದಿ ತ್ರಿಕೋನ, ಜೊತೆಗೆ ಕೋಡ್ 43 (ಸಾಧನದಲ್ಲಿ ತೊಂದರೆ ಇದೆ ಎಂದು ವಿಂಡೋಸ್ ಕೊಡುವ ದೋಷ ಸಂಖ್ಯೆ) ಬಂದರೆ ತುಸು ಎಚ್ಚರ. ಇಂಟರ್ನೆಟ್ ಸಂಪರ್ಕ ಕಡಿದು, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದಿಂದ ಹಳೆಯದನ್ನೆಲ್ಲ ಗುಡಿಸಿ. ಚಿಪ್ ತಯಾರಕರ ಡ್ರೈವರ್ ಹೊಸದಾಗಿ ಹಾಕಿ. ಆಮೇಲೂ 43 ಬಂದರೆ ಕಾರ್ಡಿನದೇ ತಪ್ಪಿರುವ ಸಾಧ್ಯತೆ ಜಾಸ್ತಿ. ಆದರೂ ಒಂದು ದಾರಿ ಉಳಿದಿದೆ. ಕ್ರಿಪ್ಟೊ ಮೈನಿಂಗ್ (ಕಾರ್ಡಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಮಾಡಿದವರು ಕೆಲವೊಮ್ಮೆ ಕಾರ್ಡಿನದೇ ಬಯೋಸ್ (ಅದರೊಳಗಿನ ಚಾಲನಾ ತಂತ್ರಾಂಶ) ಬದಲಿಸಿರುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಅಂಥ ಕಾರ್ಡ್‌ಗಳು ರಾಶಿ ರಾಶಿ ಹೊರಬಂದವು. ಕೆಲವು ಕಾರ್ಡ್‌ಗಳ ಅಂಚಿನಲ್ಲಿ ಚಿಕ್ಕ ಬಯೋಸ್ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಅದನ್ನು ಆಚೆ ಬದಿಗೆ ತಳ್ಳಿ ನೋಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶವನ್ನೂ ಓಡಿಸಿ. ನಕಲಿ ಕಾರ್ಡ್ ಎಂದು ಅದಕ್ಕೆ ಗೊತ್ತಾದರೆ ಹೆಸರಿನ ಆರಂಭದಲ್ಲೇ ‘ಫೇಕ್’ ಎಂದು ಬರೆದುಬಿಡುತ್ತದೆ.

ಈಗ ಬೆವರಿಳಿಸಿ

ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಹಾಕಿ, ಬಯೋಸ್‌ನಲ್ಲಿ ಪ್ರೈಮರಿಯನ್ನೂ ಕಾರ್ಡಿಗೆ ಬದಲಿಸಿ. ಕಾರ್ಡಿಗೆ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶ ಅಥವಾ ಭಾರೀ ಗೇಮ್ ಒಂದನ್ನು ಹದಿನೈದು ನಿಮಿಷ ಓಡಿಸಿ. ಟಾಸ್ಕ್ ಮ್ಯಾನೇಜರ್ ಒಮ್ಮೆ ನೋಡಿ: ಜಿಪಿಯು 0, ಜಿಪಿಯು 1 ಎಂದು ಎರಡು ಕಾಣುತ್ತವೆ. ಕೆಲಸ ಮಾಡುತ್ತಿರುವುದು ಕಾರ್ಡೇ ತಾನೆ? ಕಾರ್ಡ್ ಸುಮ್ನೆ ಕೂತಿದ್ದು ಇಂಟಿಗ್ರೇಟೆಡ್ಡೇ ಬೆವರುತ್ತಿದ್ದರೆ ಗೇಮ್ ಕುಂಟದೆ ಇನ್ನೇನು ಮಾಡೀತು?

ಭಾರ ಬಿದ್ದ ಕ್ಷಣಕ್ಕೇ ಕಂಪ್ಯೂಟರ್ ಪೂರ್ತಿ ಆಫ್ ಆದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ಕೆಲವು ನಿಮಿಷದ ನಂತರ ತೊಂದರೆ ಶುರುವಾದರೆ ಶಾಖ. ಎಚ್‌ಡಬ್ಲ್ಯೂ ಇನ್ಫೊ ತಂತ್ರಾಂಶದಲ್ಲಿ ಕಾರ್ಡಿನ ಕೋರ್ ಮತ್ತು ಚಿಪ್ಪಿನ ಅತಿ ಬಿಸಿ ಜಾಗವಾದ ಹಾಟ್‌ಸ್ಪಾಟ್ ತಾಪ ನೋಡಿ. 10–20 ಡಿಗ್ರಿ ಅಂತರ ಮಾಮೂಲು. 30 ದಾಟಿದರೆ ಚಿಪ್ಪಿನ ಶಾಖ ಸಾಗಿಸುವ ಪೇಸ್ಟ್ ಒಣಗಿದೆ ಎಂದೇ ಲೆಕ್ಕ. ಹೊಸ ಪೇಸ್ಟ್, ಹೊಸ ಥರ್ಮಲ್ ಪ್ಯಾಡ್ ಹಾಕಿದರೆ ಬದುಕಿಕೊಳ್ಳಬಹುದು. ಪರದೆ ಒಂದು ಕ್ಷಣ ಕಪ್ಪಾಗಿ ಮರಳಿದರೆ, ಕಾರ್ಡ್ ಉತ್ತರಿಸಲಿಲ್ಲವೆಂದು ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸಿದೆ ಎಂದರ್ಥ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಕ್ಲಾಕ್ (ಚಿಪ್ಪಿನ ವೇಗ) 50–100 ಮೆಗಾಹರ್ಟ್ಸ್ ಇಳಿಸಿ ನೋಡಿ.

ಬಯೋಸ್ ಪರದೆಯಲ್ಲೇ ಚೌಕ, ಗೆರೆ ಬಂದರೆ? ಆ ಹೊತ್ತಿಗೆ ವಿಂಡೋಸೂ ಇಲ್ಲ, ಡ್ರೈವರೂ ಇಲ್ಲ. ಕೇಬಲ್, ಮಾನಿಟರ್, ರ‍್ಯಾಮ್ ಸರಿ ಇವೆ ಎಂದು ಆಗಲೇ ನೋಡಿದ್ದೀರಿ. ಉಳಿದದ್ದು ಕಾರ್ಡಿನ ಮೆಮೊರಿ ಅಥವಾ ಚಿಪ್. ಇಂಥ ಕಾರ್ಡನ್ನು ಓವನ್‌ನಲ್ಲಿ ಬೇಯಿಸುವ ಉಪಾಯ ಹೇಳುವವರಿದ್ದಾರೆ, ದಯವಿಟ್ಟು ಬೇಡ. ಕೆಲ ದಿನ ನಡೆದು ಮತ್ತೆ ಸಾಯುತ್ತದೆ, ಓವನ್ನೂ ಅಡುಗೆಗೆ ಬಾರದಂತಾಗುತ್ತದೆ. ಸಾಧ್ಯವಾದರೆ ಗೆಳೆಯರ ಕಂಪ್ಯೂಟರಿನಲ್ಲೂ ಒಮ್ಮೆ ಹಾಕಿ ನೋಡಿ. ಅಲ್ಲೂ ಅದೇ ಗೆರೆ ಬಂದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಕಾರ್ಡಿನ ಸೀರಿಯಲ್ ನಂಬರೂ ಅದರಲ್ಲಿ ಕಾಣಲಿ. ಮಾರಿದವರಿಗೆ ಈಗ ಫೋನ್ ಮಾಡಿ.