ಸರ್ವರ್ ಆಗಾಗ ಹ್ಯಾಂಗ್ ಆಗ್ತಿದ್ರೆ ಮೊದಲು ಗಂಟೆ ಬರೆದಿಡಿ

ಹ್ಯಾಂಗ್ ಆದ ಕೂಡಲೇ ಪವರ್ ಬಟನ್ ಒತ್ತಬೇಡಿ. ಎರಡೇ ನಿಮಿಷ ತಡೆಯಿರಿ. ಆ ಎರಡು ನಿಮಿಷದಲ್ಲಿ ನೋಡಬಹುದಾದ್ದು ರೀಸ್ಟಾರ್ಟ್ ಮಾಡಿದ ಮೇಲೆ ಸಿಗುವುದಿಲ್ಲ.

ನಾನು ಬದಿಯಡ್ಕ, ಪೆರ್ಲ ಕಡೆ ಕಂಪ್ಯೂಟರ್ ರಿಪೇರಿ ಮಾಡುವವಳು. ಹೋದ ವರ್ಷ ಇಲ್ಲಿನ ಒಂದು ಸೊಸೈಟಿಯ ಸರ್ವರ್ ಎರಡು ತಿಂಗಳು ನನ್ನನ್ನು ಓಡಾಡಿಸಿತು. ಲಿನಕ್ಸ್ ಹಾಕಿದ ಸಾಧಾರಣ ಯಂತ್ರ. ಬಿಲ್ಲು, ಪಾಸ್‌ಬುಕ್ಕು ಎಲ್ಲ ಅದರಲ್ಲೇ. ಒಮ್ಮೆ ನಿಂತಿತೆಂದರೆ ಅಡಿಕೆ ತಂದವರು ಸಾಲಿನಲ್ಲಿ ಕಾಯಬೇಕು. ಅದರಲ್ಲಿ ಎಪ್ಪತ್ತು ದಾಟಿದವರೂ ಇರುತ್ತಾರೆ. ನಾನು ಹೋಗಿ ನೋಡುವಾಗ ಎಲ್ಲ ಸರಿ ಇರುತ್ತಿತ್ತು. ಆಗಾಗ ಬರುವ ತೊಂದರೆಯ ಕಷ್ಟವೇ ಇದು, ಅಲ್ವಾ? ಹಾಗಾಗಿ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು ಬಂದೆ. ಯಾವ ದಿನ, ಎಷ್ಟು ಗಂಟೆಗೆ, ಆಗ ಎಂತ ಕೆಲಸ ನಡೆಯುತ್ತಿತ್ತು, ಹೊರಗೆ ಮಳೆ ಇತ್ತಾ, ಕರೆಂಟ್ ಹೋಗಿ ಬಂತಾ, ಇಷ್ಟು ಬರೆಯಿರಿ ಎಂದೆ.

ಇನ್ನು ಆ ಎರಡು ನಿಮಿಷದ ಕೆಲಸ. ಬೇರೆ ಕಂಪ್ಯೂಟರಿನಿಂದ ಸರ್ವರ್‌ಗೆ ಪಿಂಗ್ ಹಾಕಿ, ಅಂದರೆ ನೆಟ್‌ವರ್ಕ್ ಮೂಲಕ ಕೇಳಿದರೆ ಅದು ಉತ್ತರ ಕೊಡುತ್ತದಾ ನೋಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ದೀಪ ಹತ್ತಿ ಆರುತ್ತದಾ ನೋಡಿ. ಡಿಸ್ಕ್‌ನ ದೀಪ ನೋಡಿ.

ಪಿಂಗ್‌ಗೆ ಉತ್ತರ ಇಲ್ಲ, ಕ್ಯಾಪ್ಸ್ ಲಾಕ್ ದೀಪವೂ ಬದಲಾಗುವುದಿಲ್ಲ ಎಂದರೆ ಯಂತ್ರವೇ ಪೂರ್ತಿ ನಿಂತಿದೆ. ಆಗ ರ‍್ಯಾಮ್, ಬಿಸಿ, ಪವರ್ ಸಪ್ಲೈ ಕಡೆ ಹೋಗಿ. ಪೆನ್‌ಡ್ರೈವಿನಿಂದ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಬಿಡಬೇಡಿ, ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ. ಫ್ಯಾನಿನ ಧೂಳು ತೆಗೆಯಿರಿ. ಮದರ್‌ಬೋರ್ಡಿನಲ್ಲಿ ತಲೆ ಉಬ್ಬಿದ ಕೆಪಾಸಿಟರ್ (ಸಣ್ಣ ಡಬ್ಬಿಯ ಹಾಗಿನ ಭಾಗ) ಉಂಟಾ ನೋಡಿ.

ಪಿಂಗ್ ಬರುತ್ತದೆ, ದೀಪವೂ ಹತ್ತಿ ಆರುತ್ತದೆ, ಆದರೆ ಲಾಗಿನ್ ಆಗುವುದಿಲ್ಲ ಎಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬದುಕಿದೆ, ಯಾವುದಕ್ಕೋ ಕಾಯುತ್ತಿದೆ. ಹೆಚ್ಚಾಗಿ ಅದು ಡಿಸ್ಕ್. ದೀಪ ಬಿಡದೆ ಉರಿಯುತ್ತಿದ್ದರೆ ರ‍್ಯಾಮ್ ತುಂಬಿ ಸ್ವಾಪ್‌ಗೆ, ಅಂದರೆ ರ‍್ಯಾಮ್ ಬದಲು ಬಳಸುವ ಡಿಸ್ಕ್‌ನ ಜಾಗಕ್ಕೆ, ಹೋಗಿರಬಹುದು. ಆಗ ಯಾವ ಪ್ರೋಗ್ರಾಂ ಜಾಸ್ತಿ ತಿನ್ನುತ್ತಿದೆ ಎಂದು ಹುಡುಕಬೇಕು.

ಸೊಸೈಟಿಯಲ್ಲಿ ಆದದ್ದು ಈ ಎರಡನೇ ಥರ. ಪಿಂಗ್ ಬರುತ್ತಿತ್ತು.

ಮುಂದಿನದು ಲಾಗ್, ಯಂತ್ರ ತಾನೇ ಬರೆದಿಡುವ ದಿನಚರಿ. ಜರ್ನಲ್‌ಸಿಟಿಎಲ್ (journalctl) ಎಂಬ ಕಮಾಂಡಿಗೆ -b -1 ಕೊಟ್ಟರೆ ಹಿಂದಿನ ಸಲ ಆನ್ ಆಗಿದ್ದಾಗಿನ ಲಾಗ್ ಸಿಗುತ್ತದೆ, ಆ ಲಾಗ್ ಡಿಸ್ಕ್‌ನಲ್ಲಿ ಉಳಿಯುವ ಹಾಗೆ ಮೊದಲೇ ಮಾಡಿಟ್ಟಿದ್ದರೆ. ನಾನು ನೋಡಿದೆ. ಹ್ಯಾಂಗ್ ಆದ ಹೊತ್ತಿನಲ್ಲಿ ಒಂದು ಸಾಲೂ ಇರಲಿಲ್ಲ. ಏನೂ ಆಗಿಲ್ಲ ಅಂತ ಅಲ್ಲ. ಡಿಸ್ಕೇ ಕೈಕೊಟ್ಟಾಗ ಅದೇ ಡಿಸ್ಕ್‌ನ ಮೇಲೆ ಲಾಗ್ ಬರೆಯುವುದು ಹೇಗೆ? ಇದು ತುಂಬ ಜನರಿಗೆ ಹೊಳೆಯುವುದಿಲ್ಲ. ಲಾಗನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸಿ. ಅಷ್ಟು ಮಾಡಲು ಆಗದಿದ್ದರೆ ಬೇರೆ ಯಂತ್ರದಿಂದ ಲಾಗಿನ್ ಆಗಿ, ಕರ್ನಲ್ ಸಂದೇಶಗಳು ಬರುತ್ತಲೇ ಇರುವ ಹಾಗೆ ಒಂದು ವಿಂಡೋ ತೆರೆದಿಡಿ. ನಾನು ಕೌಂಟರಿನ ಕಂಪ್ಯೂಟರಿನಲ್ಲಿ ಹಾಗೇ ತೆರೆದಿಟ್ಟೆ.

ಮುಂದಿನ ಸಲ ಸಿಕ್ಕಿತು. ಎಟಿಎ ಎರರ್ (ಡಿಸ್ಕ್ ಜೊತೆಗಿನ ಮಾತುಕತೆಯಲ್ಲಿ ತಪ್ಪು), ಆಮೇಲೆ ‘ಹಾರ್ಡ್ ರೀಸೆಟ್ಟಿಂಗ್ ಲಿಂಕ್’, ಮತ್ತೆ ಅದೇ. ಲಿನಕ್ಸ್ ಡಿಸ್ಕ್‌ನ ಉತ್ತರಕ್ಕೆ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ. ಸಿಗದಿದ್ದರೆ ಲಿಂಕ್ ರೀಸೆಟ್ ಮಾಡಿ ಮತ್ತೆ ಕೇಳುತ್ತದೆ. ನಾಲ್ಕು ಸಲ ಹೀಗಾದರೆ ಎರಡು ನಿಮಿಷ ಹೋಯಿತು. ಕೌಂಟರಿನಲ್ಲಿ ಕುಳಿತವರಿಗೆ ಅದೇ ಹ್ಯಾಂಗ್.

ಡಿಸ್ಕ್ ಹಾಳು ಎಂದು ಅಲ್ಲೇ ತೀರ್ಮಾನ ಮಾಡಬೇಡಿ. ಮೊದಲು ಬ್ಯಾಕಪ್ ತೆಗೆಯಿರಿ. ಜನರ ಲೆಕ್ಕ ಅದು, ಇದರಲ್ಲಿ ರಾಜಿ ಬೇಡ. ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ (smartctl) ಕಮಾಂಡಿನಲ್ಲಿ ಮೂರು ಸಾಲು ನೋಡಿ. 5ನೇ ನಂಬರು, ಹಾಳಾಗಿ ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ತುಂಡುಗಳು). 197, ಓದಲು ಆಗದೆ ಬಾಕಿ ಉಳಿದವು. ಇವು ಏರುತ್ತಿದ್ದರೆ ಡಿಸ್ಕ್ ಬದಲಾಯಿಸಿ. 199 ಸಿಆರ್‌ಸಿ ಎರರ್. ಡಿಸ್ಕ್‌ಗೂ ಮದರ್‌ಬೋರ್ಡಿಗೂ ನಡುವೆ ಹೋಗುವಾಗ ಕೆಟ್ಟ ಡೇಟಾದ ಲೆಕ್ಕ ಇದು. ಇಲ್ಲಿ ಮೊದಲ ಎರಡೂ ಸೊನ್ನೆ. 199 ಮಾತ್ರ 187. ಅಂದರೆ ಅನುಮಾನ ಇವೆರಡನ್ನು ಜೋಡಿಸುವ ಸಾಟಾ ಕೇಬಲ್ ಮೇಲೆ.

ಆದರೆ ಕೇಬಲ್ ಯಾಕೆ ಕೆಲವು ದಿನ ಮಾತ್ರ ತೊಂದರೆ ಕೊಡಬೇಕು? ನೋಟ್‌ಬುಕ್ ತೆರೆದೆ. ಒಂಬತ್ತು ಸಲದಲ್ಲಿ ಎಂಟು ಸಲ ಮಂಗಳವಾರ ಅಥವಾ ಶುಕ್ರವಾರ, ಹತ್ತರಿಂದ ಹನ್ನೆರಡರ ಒಳಗೆ. ಅಡಿಕೆ ತೆಗೆದುಕೊಳ್ಳುವ ದಿನಗಳು. ಬಿಲ್ಲು ಜಾಸ್ತಿ, ಲೋಡ್ ಜಾಸ್ತಿ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಆ ಹೊತ್ತಿನ ಲೋಡ್ ನೋಡಿದರೆ ಏನೇನೂ ಇಲ್ಲ. ಗೋಣಿ ಇಳಿಸುವ ಅಣ್ಣನೊಬ್ಬ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಅಕ್ಕ, ಗೋಣಿ ಹಾಕುವಾಗ ಈ ಗೋಡೆ ಅದುರ್ತದೆ. ನಿಮ್ಮ ಮಿಶಿನಿಗೆ ಎಂತಾದ್ರೂ ಆಗ್ತದಾ?” ಎಂದರು. ಗೋಡೆಯ ಆಚೆ ಗೋಡೌನ್. ಈಚೆ, ಅದೇ ಗೋಡೆಗೆ ತಾಗಿ ಸರ್ವರ್ ಮೇಜು.

ಇನ್ನೊಂದು ಗೋಣಿ ಹಾಕಿ ಅಣ್ಣ ಎಂದೆ. ನಾನು ಇತ್ತ 199 ನೋಡುತ್ತಿದ್ದೆ. ಧಡ್ ಎಂದಿತು. ಅಂಕಿ ಮೂರು ಏರಿತು.

ಸರ್ವರ್ ಆಫ್ ಮಾಡಿ ಕೇಬಲ್ ತೆಗೆದು ನೋಡಿದರೆ ಕೊಕ್ಕೆ ಇಲ್ಲದ ಹಳೆ ಥರದ್ದು, ಸುಮ್ನೆ ಮುಟ್ಟಿದರೂ ಅಲ್ಲಾಡುತ್ತಿತ್ತು. ಕಬ್ಬಿಣದ ಕೊಕ್ಕೆ ಇರುವ ಹೊಸ ಕೇಬಲ್ ಹಾಕಿದೆ. ಅವತ್ತು ಅಷ್ಟೇ ಮಾಡಿದ್ದು. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಮೇಜನ್ನು ಗೋಡೆಯಿಂದ ಒಂದು ಮೊಳ ಎಳೆದದ್ದು ಎರಡು ವಾರ ಕಳೆದ ಮೇಲೆ.

199ನೇ ಅಂಕಿ ಕೇಬಲ್ ಬದಲಾಯಿಸಿದರೂ ಕೆಳಗೆ ಇಳಿಯುವುದಿಲ್ಲ. ಇದ್ದಲ್ಲೇ ನಿಂತರೆ ಸರಿಯಾಯಿತು ಎಂದು ಲೆಕ್ಕ. ಕೇಬಲ್ ಹಾಕುವಾಗ ಇದ್ದದ್ದು 190. ಇವತ್ತು ಮಂಗಳವಾರ, ಬೆಳಿಗ್ಗೆಯಿಂದ ಗೋಣಿ ಇಳಿಯುತ್ತಾ ಉಂಟು. ಈಗಷ್ಟೇ ನೋಡಿದೆ, 190.