ಟೀಚರ್, ತ್ರಿಕೋನ ಬಿದ್ದೋಗಿದೆ!

ನಮ್ಮ ಅಂಗನವಾಡಿಯ ಗೋಡೆ ಮೇಲೆ ಆಕಾರಗಳ ಒಂದು ಚಾರ್ಟ್ ಇದೆ. ವೃತ್ತ, ಚೌಕ, ತ್ರಿಕೋನ, ಆಯತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೋಲು ಹಿಡಿದು ಒಂದೊಂದನ್ನೇ ತೋರಿಸುತ್ತಿದ್ದೆ. ಮಕ್ಕಳು ರಾಗವಾಗಿ ಕೂಗುತ್ತಿದ್ದರು. ಸೂಪರ್‌ವೈಸರ್ ಮೇಡಂ ಬಂದಾಗಲೂ ಚೆನ್ನಾಗಿ ಹೇಳಿದರು. ನನಗೂ ಖುಷಿ.

ಒಂದು ದಿನ ರಟ್ಟಿನಲ್ಲಿ ತ್ರಿಕೋನ ಕತ್ತರಿಸಿ ಎತ್ತಿ ಹಿಡಿದೆ. ಚೂಪು ತುದಿ ಕೆಳಗಿತ್ತು, ನಾನು ಗಮನಿಸಿರಲಿಲ್ಲ. ಇದೇನು ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಾಲ್ಕು ವರ್ಷದ ಒಬ್ಬ ಹುಡುಗ ಎದ್ದು, "ಟೀಚರ್, ತ್ರಿಕೋನ ಬಿದ್ದೋಗಿದೆ" ಅಂದ. ಹತ್ತಿರ ಬಂದು ಅದನ್ನು ತಾನೇ ನೆಟ್ಟಗೆ ಮಾಡಿ ನನ್ನ ಕೈಗೆ ಕೊಟ್ಟ. ಈಗ ಎಲ್ಲರೂ ಒಟ್ಟಿಗೆ, "ತ್ರಿಕೋನಾ!"

ನಗು ಬಂತು. ಆಮೇಲೆ ಯೋಚನೆಯೂ ಬಂತು. ತಪ್ಪು ಅವನದಲ್ಲ. ನಾನು ತೋರಿಸಿದ್ದು ಒಂದೇ ತ್ರಿಕೋನ. ಮೂರು ಕಡೆಯೂ ಸಮ, ತಳ ಕೆಳಗೆ, ತುದಿ ಮೇಲೆ, ಬಣ್ಣ ಕೆಂಪು. ಈ ವಯಸ್ಸಿನ ಮಕ್ಕಳು ಮೂಲೆ ಎಣಿಸಿ ಆಕಾರ ಗುರುತಿಸುವುದಿಲ್ಲ. ಒಟ್ಟು ನೋಟ ಹೇಗಿದೆ ಅಂತ ನೋಡುತ್ತಾರೆ, ಅಜ್ಜಿಯ ಮುಖ ಗುರುತಿಸಿದ ಹಾಗೆ. ಅವರಿಗೆ ನಮ್ಮ ಚಾರ್ಟಿನ ಮುಖ ಮಾತ್ರ ಗೊತ್ತಿತ್ತು.

ಅವತ್ತು ಚಾರ್ಟ್ ಬಿಟ್ಟು ಸೀರೆ ಹಿಡಿದೆ. ನಮ್ಮ ಸಹಾಯಕಿ ಅಕ್ಕ ಮನೆಯಿಂದ ಒಂದು ಹಳೇ ವಾಯಿಲ್ ಸೀರೆ ತಂದುಕೊಟ್ಟರು. ಸೀರೆ ಅಂದರೆ ಐದೂವರೆ ಮೀಟರ್. ಅದನ್ನು ಹಗ್ಗದ ಹಾಗೆ ಹೊಸೆದು, ಎರಡು ತುದಿ ಸೇರಿಸಿ ಗಂಟು ಹಾಕಿದೆ. ಮೂವರು ಮಕ್ಕಳು ಒಳಗೆ ನಿಲ್ಲಬೇಕು. ಸೀರೆ ಸೊಂಟದ ಹಿಂದೆ ಬರಬೇಕು. ಆಮೇಲೆ ಮೆಲ್ಲಗೆ ಹಿಂದೆ ಹಿಂದೆ ಹೋಗಬೇಕು. ಸೀರೆ ಬಿಗಿಯಾದರೆ ತ್ರಿಕೋನ ತಯಾರು. ಒಬ್ಬೊಬ್ಬರು ಒಂದೊಂದು ಮೂಲೆ.

ಮೊದಲ ದಿನ ಇದು ಕೆಟ್ಟಿತು. ಎಲ್ಲರಿಗೂ ಒಳಗೆ ಬರುವ ಆಸೆ, ನಾನೂ ಬನ್ನಿ ಅಂದೆ. ಅದು ಹಗ್ಗ ಜಗ್ಗಾಟ ಆಗಿಹೋಯಿತು. ಒಬ್ಬಳು ದೊಪ್ಪನೆ ಕೂತಳು, ಅವಳ ಮೇಲೆ ನಾಲ್ಕು ಜನ ಬಿದ್ದರು, ಅಳು ಶುರು. ಈಗ ಮೂರು ಮೂರೇ ಜನ. ಉಳಿದವರು ಸುತ್ತ ಕೂತು ಮೂಲೆ ಎಣಿಸುತ್ತಾರೆ. ನೈಲಾನ್ ಸೀರೆ ಬೇಡ, ಜಾರುತ್ತದೆ. ಮತ್ತೆ ಸೀರೆ ಕುತ್ತಿಗೆ ಹತ್ತಿರ ಹೋಗದ ಹಾಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಈ ಆಟದ ಮಜಾ ಇರುವುದು ನಡೆದಾಡುವಾಗ. ಮೂವರೂ ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗಿದರೆ ತ್ರಿಕೋನವೂ ತಿರುಗುತ್ತದೆ. ಮೇಲಿದ್ದ ತುದಿ ಕೆಳಗೆ ಬರುತ್ತದೆ, ಆದರೂ ಮೂಲೆ ಮೂರೇ. ಒಬ್ಬನು ದೂರ ಹೋಗಿ ಇಬ್ಬರು ಹತ್ತಿರ ಬಂದರೆ ಸೂಜಿಯಂತೆ ಸಪೂರ. "ಇದೂ ತ್ರಿಕೋನನಾ?" ಅಂತ ಕೇಳುತ್ತೇನೆ. ಎಣಿಸುತ್ತಾರೆ. ಒಂದು, ಎರಡು, ಮೂರು. ಹೌದು! ಒಂದು ದಿನ ಮೂವರೂ ಸುಮ್ನೆ ಒಂದೇ ಸಾಲಲ್ಲಿ ನಿಂತುಬಿಟ್ಟರು. ಸೀರೆ ಪಟ್ಟಿಯ ಹಾಗೆ ಚಪ್ಪಟೆ ಆಯಿತು. ನಡುವೆ ನಿಂತಿದ್ದ ಹುಡುಗಿ ಗಾಬರಿಯಿಂದ, "ನನ್ ಮೂಲೆ ಎಲ್ಲೋಯ್ತು?" ಅಂದಳು. ಇಷ್ಟು ವರ್ಷ ಚಾರ್ಟ್ ತೋರಿಸಿದ್ದಾಗ ಇಂಥ ಪ್ರಶ್ನೆ ಒಂದೂ ಬಂದಿರಲಿಲ್ಲ.

ನಾಲ್ವರು ನಿಂತರೆ ಚೌಕ ಬರುತ್ತದೆ ಅಂತ ಅಂದುಕೊಂಡಿದ್ದೆ. ಬರಲಿಲ್ಲ. ವಕ್ರವಕ್ರ. ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿ ಅಲ್ಲೇ ನಿಲ್ಲಿಸುತ್ತೇನೆ. ಚೌಕಕ್ಕೆ ನಮ್ಮಲ್ಲಿ ಚೌಕಾಬಾರವೂ ಇದೆಯಲ್ಲ. ಐದು ಸಾಲು, ಸಾಲಿಗೆ ಐದು ಮನೆ. ದೊಡ್ಡದಾಗಿ ನೆಲದಲ್ಲೇ ಬರೆದರೆ ಮಕ್ಕಳೇ ಕಾಯಿ. ಆಟದ ನಿಯಮ ಅವರಿಗೆ ಬೇಡ, ಮನೆಯಿಂದ ಮನೆಗೆ ಹಾರಿದರೆ ಸಾಕು. ರಟ್ಟಿನ ಚೌಕವನ್ನು ಓರೆ ಮಾಡಿ ಹಿಡಿದರೆ ಮಾತ್ರ ಈಗಲೂ "ಗಾಳಿಪಟ" ಅನ್ನುತ್ತಾರೆ. ಮತ್ತೆ ತಿರುಗಿಸಿದರೆ "ಚೌಕ ವಾಪಸ್ ಬಂತು". ನಾನು ತಿದ್ದಲು ಹೋಗುವುದಿಲ್ಲ. ರಟ್ಟನ್ನು ಅವರ ಕೈಗೇ ಕೊಡುತ್ತೇನೆ, ತಿರುಗಿಸುತ್ತಾ ಇರಲಿ.

ರೌಂಡ್ ಸುಲಭ ಅಂತ ನಾವೆಲ್ಲ ತಿಳಿದಿದ್ದೇವೆ, ಅಲ್ವಾ? ಬಳೆಗೂ ರೌಂಡ್, ಚೆಂಡಿಗೂ ರೌಂಡ್, ಮೊಟ್ಟೆಗೂ ರೌಂಡ್ ಅಂತ ನಾನೇ ಹೇಳುತ್ತಿದ್ದೆ. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಮಕ್ಕಳ ಕೈಗೆ ಮರದ ಚೆಂಡು, ಉರುಳೆ, ಘನ ಮೂರನ್ನೂ ಒಟ್ಟಿಗೆ ಕೊಡುತ್ತಿದ್ದನಂತೆ. ಹತ್ತೊಂಬತ್ತನೇ ಶತಮಾನದ ಮಾತು. ನಮ್ಮಲ್ಲಿ ಅದಕ್ಕೆ ಚೆಂಡು, ಖಾಲಿ ಡಬ್ಬ, ಸೋಪಿನ ಪೆಟ್ಟಿಗೆ. ಹೊಸ್ತಿಲಿಗೆ ಮಣೆ ಆನಿಸಿ ಇಳಿಜಾರು ಮಾಡಿ ಒಂದೊಂದನ್ನೇ ಬಿಡುತ್ತೇವೆ. ಚೆಂಡು ಹೇಗಿಟ್ಟರೂ ಓಡುತ್ತದೆ. ಡಬ್ಬ ಮಲಗಿಸಿದರೆ ಓಡುತ್ತದೆ, ನಿಲ್ಲಿಸಿದರೆ "ಹಠ ಮಾಡುತ್ತೆ". ಸೋಪಿನ ಪೆಟ್ಟಿಗೆ ಜಾರುತ್ತದೆ, ಉರುಳುವುದಿಲ್ಲ. ಯಾಕೆ? "ಅದಕ್ಕೆ ಮೂಲೆ ಇದೆ" ಅಂತ ಒಬ್ಬ ಹೇಳಿದ. ನಾನು ಹೇಳಿಕೊಟ್ಟಿದ್ದಲ್ಲ.

ಮೊಟ್ಟೆ ಕೊಡುವ ದಿನ ಬೇಯಿಸಿದ ಮೊಟ್ಟೆಯನ್ನು ದಾರದಲ್ಲಿ ಕತ್ತರಿಸುತ್ತೇನೆ. ಅಡ್ಡ ಕತ್ತರಿಸಿದರೆ ಪೂರ್ತಿ ರೌಂಡ್, ಉದ್ದಕ್ಕೆ ಕತ್ತರಿಸಿದರೆ ಉದ್ದುದ್ದ. ನೋಡುವುದು ಒಂದು ಗಳಿಗೆ ಅಷ್ಟೇ, ಆಮೇಲೆ ಬಾಯಿಗೆ.

ತರಕಾರಿ ಅಚ್ಚೂ ಚೆನ್ನಾಗಿ ನಡೆಯಿತು. ಬೀಟ್ರೂಟ್ ನೀರು, ಅರಿಶಿನದ ನೀರು. ಬಾಳೆದಿಂಡು, ಬಾಟಲಿ ಮುಚ್ಚಳ, ಬೆಂಕಿಪೊಟ್ಟಣದ ಒಳಡಬ್ಬಿ. ಎಲ್ಲಕ್ಕಿಂತ ಜಾಸ್ತಿ ಬೇಡಿಕೆ ಬೆಂಡೆಕಾಯಿಗೆ. ಅಡ್ಡ ಕತ್ತರಿಸಿ ಒತ್ತಿದರೆ ಐದು ಮೂಲೆಯ ಹೂವು. ರಂಗೋಲಿ ಪುಡಿಯ ಆಟ ಮಾತ್ರ ಒಂದೇ ದಿನಕ್ಕೆ ನಿಲ್ಲಿಸಿದೆ. ಮೂರು ವರ್ಷದವಳೊಬ್ಬಳು ಬೆರಳನ್ನು ನೇರ ಬಾಯಿಗೆ ಇಟ್ಟಳು. ಈಗ ಮೊರದಲ್ಲಿ ರಾಗಿ ಹಿಟ್ಟು ಹರಡಿ ಬೆರಳಿನಲ್ಲಿ ಬರೆಸುತ್ತೇನೆ. ಬಾಯಿಗೆ ಹೋದರೂ ಭಯವಿಲ್ಲ.

ತಾಯಂದಿರ ದೂರು ಇದ್ದೇ ಇದೆ. "ಬರೀ ಆಟ ಆಡಿಸ್ತೀರಿ, ಸ್ಲೇಟಲ್ಲಿ ಒಂದು ತ್ರಿಕೋನ ಬರೆಯೋಕೆ ಬರಲ್ಲ ನನ್ನ ಮಗನಿಗೆ." ಮಗನಿಗೆ ಇನ್ನೂ ಮೂರೂವರೆ. ಸಾಮಾನ್ಯವಾಗಿ ನೋಡಿಕೊಂಡು ವೃತ್ತ ಬರೆಯಲು ಮೂರು ವರ್ಷ ಆಗಬೇಕು, ಚೌಕಕ್ಕೆ ನಾಲ್ಕು, ತ್ರಿಕೋನಕ್ಕೆ ಐದು. ಓರೆ ಗೆರೆ ಎಳೆಯುವುದು ಆ ಪುಟ್ಟ ಕೈಗೆ ಕಷ್ಟ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ತಾಯಂದಿರ ಸಭೆಯ ದಿನ ಮೂವರು ತಾಯಂದಿರನ್ನೇ ಸೀರೆಯೊಳಗೆ ನಿಲ್ಲಿಸಿದೆ. ಮಕ್ಕಳು ಸುತ್ತ ಕೂತು ಎಣಿಸಿದರು, "ಅಮ್ಮಾ, ನೀನು ಮೂಲೆ!" ದೂರು ಪೂರ್ತಿ ನಿಂತಿಲ್ಲ, ಕಡಿಮೆ ಆಗಿದೆ.

ತ್ರಿಕೋನ ಬಿದ್ದೋಗಿದೆ ಅಂದಿದ್ದ ಹುಡುಗ ಗಣಪತಿ ಪೆಂಡಾಲಿನಲ್ಲಿ ಬಣ್ಣದ ಕಾಗದದ ತೋರಣ ನೋಡಿ ನನ್ನ ಸೆರಗು ಎಳೆದ. ಎಲ್ಲವೂ ತುದಿ ಕೆಳಗೆ ಮಾಡಿ ನೇತಾಡುತ್ತಿದ್ದವು. "ಟೀಚರ್, ಎಷ್ಟೊಂದು ತ್ರಿಕೋನ!"

ಹೋದ ವಾರ ಸೀರೆಯೊಳಗೆ ಐದು ಜನ ನಿಂತರು. ಈ ಆಕಾರಕ್ಕೆ ಏನು ಹೆಸರು ಅಂತ ಕೇಳಿದೆ. ನಾನು ಪಂಚಕೋನ ಅಂತ ಹೇಳಿಕೊಟ್ಟಿರಲಿಲ್ಲ, ಚಾರ್ಟಿನಲ್ಲೂ ಅದಿಲ್ಲ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕೂತಿದ್ದವರಲ್ಲಿ ಒಬ್ಬಳು ಕೂಗಿದಳು, "ಬೆಂಡೆಕಾಯಿ!"